ಪದಚರ್ಚೆ: ‘ಸ್ಯಾಡ್’ ಎಂಬುದಕ್ಕೆ ಗೋಡೆಯ ಮೇಲೆ ಬರೆಯುವಂಥ ಕನ್ನಡ ಬೇಕು

ಶಿವಮೊಗ್ಗದಿಂದ, ಮಂಗಳವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕಾಗಿದೆ.

ನಮ್ಮೂರಿನ ಪ್ರಾಥಮಿಕ ಶಾಲೆಯ ನಲಿ-ಕಲಿ ಕೊಠಡಿಯ ಗೋಡೆಗೆ ಮುಖಗಳ ಚಿತ್ರ ಬರೆಸುತ್ತಿದ್ದೇವೆ. ಆರು ಮುಖ, ಆರು ಭಾವ. ಮಗು ಬೆಳಿಗ್ಗೆ ಒಳಗೆ ಬರುವಾಗ ತನ್ನ ಮನಸ್ಸು ಹೇಗಿದೆಯೋ ಆ ಮುಖವನ್ನು ಮುಟ್ಟಿ ಬರಬೇಕು, ಅಷ್ಟೇ. ಮೂಲ ಇಂಗ್ಲಿಷಿನದು. ಹ್ಯಾಪಿಗೆ ಖುಷಿ, ಆಂಗ್ರಿಗೆ ಸಿಟ್ಟು, ಸ್ಕೇರ್ಡ್‌ಗೆ ಹೆದರಿಕೆ ಅಂತ ಹಾಕಿದ್ದೇನೆ. ಅವಕ್ಕೆ ಯಾರ ತಕರಾರೂ ಇಲ್ಲ. ಸ್ಯಾಡ್ ಹತ್ತಿರ ಕೈ ನಿಂತಿದೆ. ನಿಘಂಟು ತೆರೆದರೆ ದುಃಖಿತ, ವಿಷಣ್ಣ, ಖಿನ್ನ. ಇವುಗಳಲ್ಲಿ ಒಂದನ್ನೂ ಆರು ವರ್ಷದ ಮಗುವಿನ ಬಾಯಲ್ಲಿ ನಾನು ಕೇಳಿಲ್ಲ. ಪೆನ್ಸಿಲ್ ಕಳೆದುಕೊಂಡ ಹುಡುಗನನ್ನು ವಿಷಣ್ಣ ಅನ್ನಲು ಮನಸ್ಸು ಬರುತ್ತಿಲ್ಲ.

ಪೇಂಟರ್ ಗುರುವಾರ ಬೆಳಿಗ್ಗೆ ಬರುತ್ತಾರೆ, ಹಾಗಾಗಿ ನಾಳೆ ರಾತ್ರಿಯೊಳಗೆ ಪದ ಬೇಕು. ಒಂದೇ ಪದ, ಗುಣವಾಚಕವಾಗಿರಬೇಕು. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಐ ಆಮ್ ಸ್ಯಾಡ್’ ಎಂಬ ವಾಕ್ಯದ ಕನ್ನಡವೂ ಬರಬೇಕು. ಆ ಇಂಗ್ಲಿಷ್ ಪದ ಎಲ್ಲಿಂದ ಬಂತು ಎಂದು ಯಾರಾದರೂ ಹೇಳಿದರೆ ಆಯ್ಕೆಗೆ ನೆರವಾದೀತು.


ಮೈಸೂರಿನಿಂದ, ಮಂಗಳವಾರ ಮಧ್ಯಾಹ್ನ

ಗೊಂದಲಕ್ಕೆ ಎಡೆಯೇ ಇಲ್ಲ. ವಿಷಾದ ಎಂದು ಬರೆಸಿ. ಸ್ಯಾಡ್ ಎಂಬುದೇ ಸಂಸ್ಕೃತದ ಸದ್ ಧಾತು. ಸದ್ ಎಂದರೆ ಕುಸಿ, ಕುಗ್ಗು. ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ‘ಸೀದಂತಿ ಮಮ ಗಾತ್ರಾಣಿ’ ಎನ್ನುತ್ತಾನೆ, ನನ್ನ ಅಂಗಾಂಗಗಳು ಕುಸಿಯುತ್ತಿವೆ ಎಂದು. ಆ ಅಧ್ಯಾಯದ ಹೆಸರೇ ಅರ್ಜುನವಿಷಾದಯೋಗ. ವಿ ಉಪಸರ್ಗದ ಮುಂದೆ ಸಕಾರ ಷಕಾರವಾಗಿದೆ. ಧ್ವನಿಯೂ ಅದೇ, ಅರ್ಥವೂ ಅದೇ. ನಮ್ಮ ಪದವನ್ನು ನಾವೇ ಇಂಗ್ಲಿಷಿನಿಂದ ಅನುವಾದ ಮಾಡಿಕೊಳ್ಳುವ ಸ್ಥಿತಿ ಬರಬಾರದಿತ್ತು.


ಬೆಂಗಳೂರಿನಿಂದ, ಮಂಗಳವಾರ ಸಂಜೆ

ವಿಷಾದ ಬೇಡ. ದುಃಖವೂ ಬೇಡ. ವಿಸರ್ಗ ಕನ್ನಡಿಗರ ಬಾಯಲ್ಲಿ ಇಲ್ಲ, ಮಹಾಪ್ರಾಣವೂ ಇಲ್ಲ. ಮಕ್ಕಳು ‘ದುಕ್ಕ’ ಎಂದೇ ಓದುತ್ತಾರೆ, ಮೇಷ್ಟ್ರು ತಿದ್ದುತ್ತಾ ಕೂರುತ್ತಾರೆ. ಮನಸ್ಸಿನ ನೋವು ಹೇಳಿಕೊಳ್ಳಲು ಬಂದ ಮಗುವಿಗೆ ಆ ಹೊತ್ತಿನಲ್ಲಿ ಉಚ್ಚಾರಣೆಯ ಪಾಠ ಬೇಕಿಲ್ಲ. ಅಳಲು ಎಂಬ ಅಚ್ಚಗನ್ನಡ ಪದವಿದೆ. ಅದನ್ನು ಬರೆಸಿ. ಇದರಲ್ಲಿ ಚರ್ಚೆ ಮಾಡುವುದೇನೂ ಇಲ್ಲ.


ಹಾಸನದಿಂದ, ಮಂಗಳವಾರ ರಾತ್ರಿ

ಇದೆ.

ಮೊದಲು ಮೈಸೂರಿನವರ ವ್ಯುತ್ಪತ್ತಿ. ಅದು ತಪ್ಪು. ಸಂಸ್ಕೃತದ ದಕಾರ ಇರುವ ಕಡೆ ಇಂಗ್ಲಿಷಿನಲ್ಲಿ ಟಕಾರ ಬರುತ್ತದೆ. ದ್ವಿ–ಟೂ, ದಶ–ಟೆನ್, ದಂತ–ಟೂತ್, ಪಾದ–ಫುಟ್. ಜರ್ಮನ್ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲೇ ಇದನ್ನು ನಿಯಮವಾಗಿ ಬರೆದಿಟ್ಟರು. ಹಾಗಾದರೆ ಸದ್ ಧಾತುವಿನ ಇಂಗ್ಲಿಷ್ ನೆಂಟ ಟಕಾರದಲ್ಲಿ ಮುಗಿಯಬೇಕು. ಮುಗಿಯುತ್ತದೆ ಕೂಡ: ಅದು ಸಿಟ್, ಕೂರು. ಸದಸ್ಸು, ಸಂಸತ್ತು, ಪರಿಷತ್ತು ಎಲ್ಲ ಆ ಸಂಸಾರದ್ದೇ. ಸ್ಯಾಡ್ ಆ ಮನೆಯದಲ್ಲ. ಎರಡು ಪದಗಳು ಕಿವಿಗೆ ಒಂದೇ ಥರ ಕೇಳಿಸಿದ ಮಾತ್ರಕ್ಕೆ ಒಡಹುಟ್ಟಿದವು ಆಗುವುದಿಲ್ಲ.

ಸ್ಯಾಡ್‌ನ ನಿಜವಾದ ಹುಟ್ಟು ಇದಕ್ಕಿಂತ ಚೆನ್ನಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ‘ಹೊಟ್ಟೆ ತುಂಬಿದ’. ಜರ್ಮನಿನಲ್ಲಿ ಅದರ ಒಡಹುಟ್ಟು ಇವತ್ತಿಗೂ ಅದೇ ಅರ್ಥದಲ್ಲಿ ಬದುಕಿದೆ. ಬಡಿಸಲು ಬಂದವರಿಗೆ ಜರ್ಮನರು ‘ನಾನು ಜಾಟ್’ ಎಂದರೆ ಸಾಕು, ಇನ್ನು ಬೇಡ ಎಂದರ್ಥ. ಡಚ್ಚರ ಜಾಟ್‌ಗೆ ಕುಡಿದು ಮತ್ತನಾದವ ಎಂಬ ಅರ್ಥವೂ ಇದೆ, ರೋಸಿಹೋದ ಎಂಬ ಅರ್ಥವೂ ಇದೆ. ಲ್ಯಾಟಿನ್ನಿನ ಸಾಟಿಸ್, ಅಂದರೆ ಸಾಕಷ್ಟು, ಇದೇ ಬೇರಿನದು. ಇಂಗ್ಲಿಷಿನ ಸ್ಯಾಟಿಸ್‌ಫ್ಯಾಕ್ಷನ್ ಬಂದದ್ದು ಅಲ್ಲಿಂದ. ತೃಪ್ತಿಯ ಪದವೂ ದುಃಖದ ಪದವೂ ಒಂದೇ ಬೇರಿನ ಚಿಗುರು ಎಂಬುದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ.

ತುಂಬಿದ್ದು ದುಃಖವಾದದ್ದು ಹೇಗೆ? ತುಂಬಿದ, ಆಮೇಲೆ ಇನ್ನು ಸಾಕು ಎನ್ನಿಸಿದ, ಆಮೇಲೆ ಭಾರವಾದ. ಭಾರದಿಂದ ದಾರಿ ಎರಡಾಗಿ ಒಡೆಯಿತು. ಒಂದು ಕಡೆ ಗಟ್ಟಿ, ಅಲುಗದ, ಗಂಭೀರ ಎಂಬ ಅರ್ಥಗಳು. 14ನೇ ಶತಮಾನದಲ್ಲಿ ಇಂಗ್ಲಿಷ್ ಕವಿ ಚಾಸರ್ ತನ್ನ ಕಥೆಯೊಂದರ ನಾಯಕಿ ಗ್ರಿಸೆಲ್ಡಾಳನ್ನು ಗೋಡೆಯಂತೆ ಸ್ಯಾಡ್ ಎನ್ನುತ್ತಾನೆ. ಗೋಡೆ ಅಳುತ್ತಿದೆ ಎಂದಲ್ಲ. ಗಂಡ ಎಷ್ಟೇ ಕಾಡಿದರೂ ಅವಳು ಕದಲಲಿಲ್ಲ ಎಂದು. ಇನ್ನೊಂದು ಕಡೆ ಮನಸ್ಸು ಭಾರವಾದ ಎಂಬ ಅರ್ಥ, ಕೊನೆಗೆ ಗೆದ್ದದ್ದು ಅದೇ. ಷೇಕ್ಸ್‌ಪಿಯರನ ಹೊತ್ತಿಗೂ ಎರಡೂ ಜೀವಂತವಾಗಿದ್ದವು. ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದಲ್ಲಿ, ಯಾರನ್ನು ಪ್ರೀತಿಸುತ್ತಿದ್ದೀಯೆ, ನಿಜವಾಗಿ ಹೇಳು ಎಂದು ಕೇಳುವಾಗ ರೋಮಿಯೋನ ಗೆಳೆಯ ಬೆನ್ವೋಲಿಯೋ ‘ಸ್ಯಾಡ್‌ನೆಸ್’ನಿಂದ ಹೇಳು ಎನ್ನುತ್ತಾನೆ. ರೋಮಿಯೋ ಬೇಕೆಂದೇ ಅದನ್ನು ದುಃಖ ಎಂದು ಹಿಡಿದು, ನರಳುತ್ತಾ ಹೇಳಲೇ ಎಂದು ಕೇಳುತ್ತಾನೆ. ಇದನ್ನು ಗಮನಿಸದೆ ‘ದುಃಖದಿಂದ ಹೇಳು’ ಎಂದು ಕನ್ನಡಿಸಿದರೆ ಆ ಇಡೀ ಮಾತುಕತೆ ಸತ್ತುಹೋಗುತ್ತದೆ.

ಹಳೆಯ ಅರ್ಥ ಪೂರ್ತಿ ಅಳಿದಿಲ್ಲ. ಎರಕದ ಕಬ್ಬಿಣದ ಭಾರದ ಇಸ್ತ್ರಿಪೆಟ್ಟಿಗೆಗೆ ಇಂಗ್ಲಿಷಿನಲ್ಲಿ ಸ್ಯಾಡ್ ಐರನ್ ಎಂದು ಹೆಸರು. ಅಮೆರಿಕದ ಮೇರಿ ಪಾಟ್ಸ್ ಎಂಬಾಕೆ ಅದಕ್ಕೆ ತೆಗೆದು ಹಾಕಬಹುದಾದ ಹಿಡಿ ಮಾಡಿ 1871ರಲ್ಲಿ ಪೇಟೆಂಟ್ ಪಡೆದರು. ನೈಸರ್ಗಿಕ ಬಣ್ಣ ಹಾಕುವವರು ಇವತ್ತಿಗೂ ಕಬ್ಬಿಣದ ನೀರಿನಲ್ಲಿ ಬಟ್ಟೆ ಅದ್ದಿ ಬಣ್ಣ ಕಂದಿಸುವುದಕ್ಕೆ ‘ಸ್ಯಾಡನ್’ ಮಾಡುವುದು ಎನ್ನುತ್ತಾರೆ. ಹಳದಿ ಬಟ್ಟೆಯನ್ನು ಹಾಗೆ ಅದ್ದಿ ಎತ್ತಿದಾಗ ಅದು ಕಣ್ಣೆದುರೇ ಪಾಚಿಯ ಬಣ್ಣಕ್ಕೆ ಇಳಿಯುತ್ತದೆ. ಪದದ ಅರ್ಥವನ್ನು ಅದಕ್ಕಿಂತ ಚೆನ್ನಾಗಿ ಯಾವ ನಿಘಂಟೂ ತೋರಿಸಲಾರದು.

ಈಗ ನಮ್ಮ ಮನೆಗೆ ಬನ್ನಿ. ‘ಸಾಕು’ ಎಂಬ ಪದವನ್ನು ನೋಡಿ. ಸಾಲ್ ಧಾತು, ಸಾಲ್ಕುಂ, ಸಾಕುಂ, ಸಾಕು. ಎಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳುವ ಸಾಕು. ಅದೇ ಪದ ‘ಸಾಕಾಯ್ತು’ ಆದಾಗ ದಣಿವು, ‘ಸಾಕುಬೇಕಾಯ್ತು’ ಆದಾಗ ಸಂಕಟ, ‘ಜೀವ ಸಾಕಾಗಿದೆ’ ಎಂದಾಗ ಇನ್ನೇನೂ ಉಳಿದಿಲ್ಲ. ನಮ್ಮ ದೊಡ್ಡಮ್ಮನ ಮಗ ತೀರಿಕೊಂಡು ಹದಿಮೂರನೇ ದಿನ, ಊಟದ ಎಲೆಗಳನ್ನೆಲ್ಲ ಎತ್ತಿದ ಮೇಲೆ, ಆಕೆ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಕಾಫಿ ತಂದುಕೊಟ್ಟ ಸೊಸೆಗೆ ಹೇಳಿದ್ದು ಒಂದೇ ಮಾತು: ‘ಸಾಕಾಯ್ತು ಕಣೇ.’ ಕಾಫಿ ಸಾಕೆಂದೋ, ಬದುಕು ಸಾಕೆಂದೋ, ಸೊಸೆ ಕೇಳಲಿಲ್ಲ. ಲೋಟ ಪಕ್ಕದಲ್ಲಿಟ್ಟು ತಾನೂ ಕೂತಳು. ಆ ಒಂದು ಸಾಕಾಯ್ತು ಒಳಗೆ ಸ್ಯಾಡ್ ಪದದ ಸಾವಿರ ವರ್ಷದ ನಡೆ ಪೂರ್ತಿ ಇದೆ.

ಇನ್ನು ವ್ಯಾಕರಣ. ನಿಮಗೆ ಗುಣವಾಚಕವೇ ಬೇಕು ಅಂದಿರಿ. ನೀವೇ ಹಾಕಿರುವ ಖುಷಿ, ಸಿಟ್ಟು, ಹೆದರಿಕೆ ಮೂರೂ ನಾಮಪದಗಳು, ಮೂರೂ ಚೆನ್ನಾಗಿ ಕೂತಿವೆ. ಕನ್ನಡದಲ್ಲಿ ಭಾವ ಮನುಷ್ಯನ ಗುಣವಲ್ಲ, ಅವನಿಗೆ ಆಗುವಂಥದ್ದು, ಬರುವಂಥದ್ದು. ನನಗೆ ಸಿಟ್ಟು ಬಂತು, ನನಗೆ ಖುಷಿಯಾಯ್ತು, ನನಗೆ ಹೆದರಿಕೆಯಾಗ್ತಿದೆ. ‘ನನಗೆ’ ಎನ್ನುವ ಚತುರ್ಥಿ ವಿಭಕ್ತಿಯೇ ಇಲ್ಲಿ ಎಲ್ಲ. ‘ನಾನು ದುಃಖಿ’ ಎಂದು ಮಗುವಿನ ಬಾಯಲ್ಲಿ ಹೇಳಿಸಿದರೆ ಅದು ಆ ಮಗುವಿನ ಹಣೆಬರಹ ಬರೆದಂತೆ ಆಗುತ್ತದೆ. ಬೆಂಗಳೂರಿನವರು ಗೌರವಿಸುವ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಗುಣಪದವೆಂಬ ವರ್ಗದ ಮೇಲೆಯೇ 1994ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥ ಬರೆದಿದ್ದಾರೆ. ಒಂದು ಭಾಷೆಯ ಅಳತೆಗೋಲನ್ನು ಇನ್ನೊಂದಕ್ಕೆ ಹಿಡಿಯಬಾರದು ಎಂದು ನನಗೆ ಕಲಿಸಿದವರು ಅವರೇ. ಗುಣವಾಚಕದ ಹಟ ಬಿಡಿ.

ನನ್ನ ಸಲಹೆ: ದೊಡ್ಡ ಅಕ್ಷರದಲ್ಲಿ ‘ಬೇಜಾರು’, ಕೆಳಗೆ ‘ನನಗೆ ಬೇಜಾರಾಗಿದೆ’. ಖಿನ್ನ ಬೇಡವೇ ಬೇಡ. ಖಿನ್ನತೆ ಈಗ ಒಂದು ಕಾಯಿಲೆಯ ಹೆಸರಾಗಿದೆ.


ಧಾರವಾಡದಿಂದ, ಬುಧವಾರ ಬೆಳಿಗ್ಗೆ

ಅಳಲು ಅಂತ ಗ್ವಾಡಿ ಮ್ಯಾಲೆ ಬರದ್ರ ಹುಡುಗ್ರು ‘ಅಳಲಿಕ್ಕೆ’ ಅಂತ ಓದತಾವ. ‘ಕುಡಿಯಲು ನೀರು’ ಅಂತ ಬರದಂಗ ‘ಅಳಲು’. ಮುಖ ಮುಟ್ಟಿ ಅಳಬೇಕೇನು ಅಂತ ಕೇಳತಾವ. ಅದನ್ನ ಕೈಬಿಡ್ರಿ.

ನಮ್ಮ ಕಡೆ ಬ್ಯಾಸರ ಅಂತೀವಿ. ಆದರ ಮುಖದ ಚಿತ್ರಾ ಅಂದ್ರ ನನಗ ನೆನಪಾಗೂದು ಸಪ್ಪಗ. ‘ಯಾಕಪಾ, ಮಾರಿ ಯಾಕ ಸಪ್ಪಗೈತಿ?’ ಅಂತ ಕೇಳತೀವಿ. ಉಪ್ಪಿಲ್ಲದ ಸಾರು ಸಪ್ಪೆ, ನಗು ಇಲ್ಲದ ಮಾರಿ ಸಪ್ಪೆ. ಇಂಗ್ಲಿಷರಿಗೆ ಹೊಟ್ಟಿ ಹೆಚ್ಚು ತುಂಬಿ ಆದದ್ದು ನಮಗ ಉಪ್ಪು ಕಡಿಮಿ ಬಿದ್ದು ಆಗತೈತಿ. ತುಳುವಿನಾಗ ಚಪ್ಪೆ, ತಮಿಳಿನಾಗೂ ಇದರ ಬಳಗ ಐತಿ. ಇದನ್ನೂ ವಿಚಾರ ಮಾಡ್ರಿ.


ಮೈಸೂರಿನಿಂದ, ಬುಧವಾರ ಬೆಳಿಗ್ಗೆ

ಗ್ರಿಮ್ ನಿಯಮಕ್ಕೂ ಅಪವಾದಗಳಿವೆ. ನನ್ನ ವ್ಯುತ್ಪತ್ತಿಯನ್ನು ಒಂದು ಸಾಲಿನಲ್ಲಿ ತಳ್ಳಿಹಾಕಿದ್ದು ಸರಿಯಲ್ಲ.

ಅದಿರಲಿ. ಶಾಲೆಯ ಗೋಡೆಯ ಮೇಲೆ ಬೇಜಾರು ಬರೆಸುವುದೇ? ಅದು ಫಾರ್ಸಿಯ ಬೇಜಾರ್. ಮಕ್ಕಳಿಗೆ ಅಕ್ಷರ ಕಲಿಸುವ ಜಾಗದಲ್ಲಿ ಸಂಸ್ಕೃತ ಬೇಡವಂತೆ, ಫಾರ್ಸಿ ಆಗಬಹುದಂತೆ. ಧಾರವಾಡದವರ ಬೇಸರವೂ ಅದೇ ಫಾರ್ಸಿ ಪದದ ಅಪಭ್ರಂಶ ಅಷ್ಟೇ.


ಬೆಂಗಳೂರಿನಿಂದ, ಬುಧವಾರ ಮಧ್ಯಾಹ್ನ

ಅಪಭ್ರಂಶ ಅಲ್ಲ. ಇಂಥ ಮಾತನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಬೇಸರ ಹಳಗನ್ನಡದ ಬೇಸಱ್. ಕೊನೆಯದು ಶಕಟರೇಫ, ಅಂದರೆ ಱ ಎಂಬ ಹಳೆಯ ರಕಾರ; ಫಾರ್ಸಿಯಲ್ಲಿ ಆ ಅಕ್ಷರವೇ ಇಲ್ಲ. ಇದರ ಭೂತರೂಪ ಬೇಸತ್ತು. ಪೆಱು ಎಂಬುದು ಪೆತ್ತು ಆಗುವ ಹಾಗೆ, ಇವತ್ತಿಗೂ ಹೆರು–ಹೆತ್ತು ಎನ್ನುವ ಹಾಗೆ. ಎರವಲು ಪದ ಹೀಗೆ ಒಳಗಿನಿಂದ ಮಾರ್ಪಡುವುದಿಲ್ಲ. ಬೇಜಾರಿಗೆ ‘ಬೇಜತ್ತು’ ಎಂದು ಯಾರಾದರೂ ಅಂದದ್ದುಂಟೇ? ತಮಿಳಿನಲ್ಲಿ ವೇಸಱು, ತೆಲುಗಿನಲ್ಲಿ ವೇಸರು, ಎರಡಕ್ಕೂ ದಣಿ, ಬಳಲು ಎಂದೇ ಅರ್ಥ. ಅಲ್ಲಿನ ವಕಾರ ಇಲ್ಲಿ ಬಕಾರ: ವೇರ್–ಬೇರು, ವಿಲ್–ಬಿಲ್ಲು. ಸಂಸ್ಕೃತದಿಂದ ಬಾರದ ಪದವೆಲ್ಲ ಕೆಟ್ಟುಹೋದ ಪದ ಎಂದುಕೊಳ್ಳುವ ರೋಗ ನಮ್ಮಲ್ಲಿ ಹಳೆಯದು.

ಅಳಲು ಬಗ್ಗೆ ಧಾರವಾಡದವರು ಹೇಳಿದ್ದು ನಿಜ, ನನಗೆ ಹೊಳೆದಿರಲಿಲ್ಲ. ಹಿಂದೆಗೆದುಕೊಳ್ಳುತ್ತೇನೆ. ‘ಬೇಸರ’ ಬರೆಸಿ. ಸಾವಿರ ವರ್ಷದ ನಮ್ಮದೇ ಪದ ಕಣ್ಣೆದುರಿಗೆ ಇರುವಾಗ ಅದರ ಪಕ್ಕದಲ್ಲೇ ನಿಂತಿರುವ ಎರವಲನ್ನು ಯಾಕೆ ಎತ್ತಿಕೊಳ್ಳಬೇಕು?


ಹಾಸನದಿಂದ, ಬುಧವಾರ ಸಂಜೆ

ಬೇಸತ್ತು ವಾದ ಗಟ್ಟಿಯಾಗಿದೆ. ಒಪ್ಪಿದೆ. ಈ ಎರಡು ಪದಗಳು ನೆಂಟರಲ್ಲ, ಒಂದೇ ಬೀದಿಯಲ್ಲಿ ಮನೆ ಮಾಡಿ ಒಂದೇ ಥರ ಕಾಣತೊಡಗಿದವು. ಅಪವಾದದ ಬಗ್ಗೆ ಮೈಸೂರಿನವರಿಗೆ: ಗ್ರಿಮ್ ನಿಯಮದ ಅಪವಾದಗಳಿಗೂ ನಿಯಮಗಳಿವೆ, ಸದ್ ಯಾವುದರೊಳಗೂ ಬರುವುದಿಲ್ಲ. ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ಆದರೆ ಎರವಲು ಎಂಬ ಕಾರಣಕ್ಕೆ ಬೇಜಾರನ್ನು ಗೋಡೆಯಿಂದ ಇಳಿಸುವುದಕ್ಕೆ ನನ್ನ ವಿರೋಧವಿದೆ. ಅದೇ ಗೋಡೆಯಲ್ಲಿ ಮೊದಲ ಮುಖಕ್ಕೆ ‘ಖುಷಿ’ ಎಂದಿದೆ, ಅದೂ ಫಾರ್ಸಿ. ನಿನ್ನೆಯಿಂದ ಇಲ್ಲಿ ಒಬ್ಬರೂ ಅದರ ಮೂಲ ಕೇಳಲಿಲ್ಲ. ಖುಷಿ ಫಾರ್ಸಿಯಿಂದ ಬಂದರೆ ನಡೆಯುತ್ತದೆ, ಬೇಜಾರು ಬಂದರೆ ನಡೆಯುವುದಿಲ್ಲ ಎಂದರೆ ಅದು ತತ್ವವಲ್ಲ. ರಸ್ತೆ, ಜಮೀನು, ಕಾಗದ, ಅರ್ಜಿ, ಕುರ್ಚಿ ಎಲ್ಲ ಬಿಜಾಪುರದ ಆದಿಲಶಾಹಿಯ ಕಚೇರಿಯಿಂದಲೋ ಹೈದರ್ ಟಿಪ್ಪುವಿನ ಕಂದಾಯದ ಕಡತದಿಂದಲೋ ಮರಾಠಿಯ ಮೂಲಕವೋ ಬಂದು ನಮ್ಮ ಮನೆಯವೇ ಆದವು. ಇಂಗ್ಲಿಷನ್ನೇ ನೋಡಿ. ಸಾರೋ ಅವರ ಮನೆಯದು, ಗ್ರೀಫ್ ಫ್ರೆಂಚಿನದು, ಮೆಲಂಕೊಲಿ ಗ್ರೀಕಿನದು, ಕಪ್ಪು ಪಿತ್ತ ಎಂದು ಅದರರ್ಥ. ಮೂರೂ ಒಟ್ಟಿಗೆ ಬದುಕಿವೆ, ಮೂರಕ್ಕೂ ಬೇರೆ ಬೇರೆ ತೂಕ.

ಇಲ್ಲೂ ತೂಕವೇ ಮುಖ್ಯ. ಕರಾವಳಿಯಲ್ಲಿ ಯಾರಾದರೂ ತೀರಿಕೊಂಡರೆ ‘ತುಂಬ ಬೇಸರವಾಯಿತು’ ಎನ್ನುತ್ತಾರೆ, ಅಲ್ಲಿ ಬೇಸರಕ್ಕೆ ಪೂರ್ತಿ ದುಃಖದ ತೂಕವಿದೆ. ನಮ್ಮ ಕಡೆ ‘ಬೇಸರ ಕಳೆಯಲು’ ಎಂದರೆ ಹೊತ್ತು ಹೋಗಲು ಎಂದಷ್ಟೇ. ಬೇಜಾರು ಕೂಡ ಒಂದು ಕಾಲಕ್ಕೆ ಹೀಗೇ ಇತ್ತು. ಈಗ ಹೊತ್ತು ಹೋಗದಿರುವುದಕ್ಕೆ ಮಕ್ಕಳು ‘ಬೋರು’ ಎನ್ನುತ್ತಾರೆ. ಬೋರು ಬಂದು ಆ ಕೆಲಸ ವಹಿಸಿಕೊಂಡ ಮೇಲೆ ಬೇಜಾರು ಬಿಡುವಾಗಿ ಸ್ಯಾಡ್ ಹತ್ತಿರಕ್ಕೆ ಸರಿದಿದೆ. ‘ಅವಳು ನನ್ನ ಜೊತೆ ಮಾತಾಡ್ಲಿಲ್ಲ, ಬೇಜಾರಾಯ್ತು’ ಎನ್ನುವ ಮಗುವಿಗೆ ಹೊತ್ತು ಹೋಗದ ಚಿಂತೆ ಇಲ್ಲ, ಮನಸ್ಸಿಗೆ ನೋವಾಗಿದೆ.

ಇನ್ನೂ ಒಂದು. ಫಾರ್ಸಿಯಲ್ಲಿ ಬೇಜಾರ್ ಎಂದರೆ ರೋಸಿಹೋದ, ಸಾಕಾದ. ಅಲ್ಲಿಂದ ಹೊರಟು ಕನ್ನಡದಲ್ಲಿ ದುಃಖಕ್ಕೆ ಬಂದಿದೆ. ಸ್ಯಾಡ್ ನಡೆದ ದಾರಿಯೂ ಅದೇ: ಸಾಕು, ರೋಸಿ, ದುಃಖ. ಬೇಸಱ್ ಕೂಡ ದಣಿವಿನಿಂದಲೇ ಹೊರಟಿದೆ. ಸಪ್ಪೆ ಚೆಂದದ ಪದ, ಆದರೆ ಅದು ನೋಡುವವರು ಹೇಳುವ ಮಾತು. ‘ನಾನು ಸಪ್ಪಗಿದ್ದೇನೆ’ ಎಂದು ಮಗು ತನ್ನ ಬಗ್ಗೆ ಹೇಳಿಕೊಳ್ಳುವುದಿಲ್ಲ. ಈ ಗೋಡೆಯಲ್ಲಿ ಮಗು ತಾನೇ ಹೇಳಬೇಕು.

ಪದ ಆರಿಸುವವರು ನಾವಲ್ಲ. ಚಿತ್ರ ತೋರಿಸಿ ಮಕ್ಕಳನ್ನೇ ಕೇಳಿ.


ಬೆಂಗಳೂರಿನಿಂದ, ಬುಧವಾರ ಸಂಜೆ

ಖುಷಿಯ ಬದಲು ‘ನಲಿವು’ ಬರೆಸಬೇಕು ಎಂದು ಮೊದಲೇ ಹೇಳಬೇಕಿತ್ತು. ಹೇಳದೆ ಉಳಿದದ್ದು ನನ್ನ ತಪ್ಪು. ಈಗ ಹೇಳುತ್ತಿದ್ದೇನೆ. ಕೊಠಡಿಯ ಹೆಸರಿನಲ್ಲೇ ನಲಿ ಇದೆಯಲ್ಲ.


ಶಿವಮೊಗ್ಗದಿಂದ, ಗುರುವಾರ ಮಧ್ಯಾಹ್ನ

ಎಲ್ಲರಿಗೂ ವಂದನೆ. ನಿನ್ನೆ ಸಂಜೆಯ ಕಾಗದ ಬರುವ ಮೊದಲೇ, ಶಾಲೆ ಬಿಡುವ ಹೊತ್ತಿಗೆ, ಪೆನ್ಸಿಲ್‌ನಲ್ಲಿ ಬರೆದ ಆ ಮುಖವನ್ನು ಒಂದನೇ ಎರಡನೇ ತರಗತಿಯವರಿಗೆ ತೋರಿಸಿದ್ದೆ. ಇವನಿಗೆ ಏನಾಗಿದೆ ಎಂದು ಕೇಳಿದೆ. ಬಹಳಷ್ಟು ಮಕ್ಕಳು ‘ಬೇಜಾರಾಗಿದೆ’ ಎಂದರು. ಒಬ್ಬಳು ‘ಅವ್ನಿಗೆ ಯಾರೋ ಬೈದಿದಾರೆ’ ಎಂದಳು. ಕೊನೆಯ ಸಾಲಿನ ಹುಡುಗನೊಬ್ಬ ತುಂಬ ಹೊತ್ತು ನೋಡಿ, ‘ಅವ್ನ ಅಮ್ಮ ಊರಿಗೆ ಹೋಗಿದಾರೆ’ ಎಂದ. ಬೇಸರ ಎಂದವರು ಯಾರೂ ಇರಲಿಲ್ಲ. ‘ಬೇಸರ ಅಂದ್ರೇನು’ ಎಂದು ಕೇಳಿದಾಗ ‘ಬೇಸರ ಅಂದ್ರೆ ಬೇಜಾರು’ ಎಂದು ಅವರೇ ಹೇಳಿದರು.

ಹಾಗಾಗಿ ಗೋಡೆಯ ಮೇಲೆ ‘ಬೇಜಾರು’ ಬಂದಿದೆ, ನೀಲಿ ಬಣ್ಣದಲ್ಲಿ. ಕೆಳಗೆ ‘ನನಗೆ ಬೇಜಾರಾಗಿದೆ’. ಉಳಿದ ಐದು ಮುಖಗಳ ವಾಕ್ಯಗಳನ್ನೂ ‘ನನಗೆ’ ಎಂದು ಶುರುವಾಗುವಂತೆ ಬದಲಿಸಿದೆ. ಮೊದಲು ಎರಡು ಕಡೆ ‘ನಾನು’ ಇತ್ತು. ಖುಷಿ ಹಾಗೇ ಇದೆ, ಬಣ್ಣ ಒಣಗಿಬಿಟ್ಟಿತ್ತು. ಶಿಕ್ಷಕರ ಕೈಪಿಡಿಯಲ್ಲಿ ಬೇಜಾರಿನ ಪಕ್ಕ ‘ಬೇಸರ’ವನ್ನೂ ‘ಸಪ್ಪಗಿರುವುದು’ ಎಂಬುದನ್ನೂ ಸೇರಿಸುತ್ತೇನೆ. ಬೇರೆ ಜಿಲ್ಲೆಯವರು ಅವರವರ ಪದ ಬರೆಸಿಕೊಳ್ಳಲಿ.

ಕೊನೆಯ ಬೆಂಚಿನ ಹುಡುಗ ಇವತ್ತು ಬೆಳಿಗ್ಗೆ ಬಂದವನೇ ಒಣಗದ ಬಣ್ಣವನ್ನು ಮುಟ್ಟಿಬಿಟ್ಟ. ನೀಲಿ ಮುಖದ ಕೆನ್ನೆಯ ಮೇಲೆ ಅವನ ಬೆರಳಿನ ಗುರುತಿದೆ. ಪೇಂಟರ್ ಮತ್ತೆ ಹಚ್ಚಲು ಹೊರಟಿದ್ದರು, ಬೇಡ ಎಂದೆ.

ಮೇಲಿನ ತರಗತಿಯ ಗೋಡೆಗೆ ‘ಎಂಬರಾಸ್ಡ್’ ಎಂಬ ಪದ ಬಂದಿದೆ. ನಾಚಿಕೆ ಎಂದರೆ ಹೆಚ್ಚಾಯಿತು, ಮುಜುಗರ ಎಂದರೆ ಮಕ್ಕಳಿಗೆ ತಿಳಿಯುತ್ತದೋ ಇಲ್ಲವೋ. ಅದಕ್ಕೆ ಮುಂದಿನ ವಾರದವರೆಗೆ ಸಮಯವಿದೆ, ಬೇರೆ ಪತ್ರದಲ್ಲಿ ಕೇಳುತ್ತೇನೆ.